ಎಸ್ಸೆಸ್ಸೆಲ್ಸಿ ಓದಿದವರಿಗೆ ಕೆಲಸ ಎಲ್ಲಿದೆ?

ಬೆಂಗಳೂರಿನ ಜಾಲಹಳ್ಳಿ ಕಡೆಯ ಪಿಯು ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದೆ. ತೊಂಬತ್ತರ ದಶಕದ ಆರಂಭದಲ್ಲಿ ಪ್ರವೇಶದ ಅರ್ಜಿಗಳಲ್ಲಿ 'ತಂದೆಯ ಉದ್ಯೋಗ' ಎಂಬ ಕಡೆ ಫಿಟ್ಟರ್, ಟರ್ನರ್, ಮಷಿನಿಸ್ಟ್ ಎಂದೇ ಹೆಚ್ಚು ಕಾಣುತ್ತಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಆ ಜಾಗಕ್ಕೆ ಕ್ಯಾಬ್ ಡ್ರೈವರ್, ಸೆಕ್ಯುರಿಟಿ ಗಾರ್ಡ್, ಹೌಸ್‌ಕೀಪಿಂಗ್ ಬಂದಿದ್ದವು. ಆರ್ಥಿಕತೆ ತಯಾರಿಕೆಯಿಂದ ಸೇವೆಯತ್ತ ಹೊರಳಿದ್ದನ್ನು ನಾನು ಮೊದಲು ಓದಿದ್ದು ಪಠ್ಯದಲ್ಲಲ್ಲ, ಆ ಅರ್ಜಿಗಳಲ್ಲಿ.

1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬೆಂಗಳೂರಲ್ಲಿ ಹುಟ್ಟಿದವು. ಹೆಚ್ಚು ಓದದ ಹುಡುಗರೂ ಅಲ್ಲಿ ಕೈಕೆಲಸ ಕಲಿತು ಕಾಯಂ ಆದರು. ಪಿ.ಎಫ್., ಕ್ವಾರ್ಟರ್ಸ್, ಕ್ಯಾಂಟೀನಿನ ಊಟ ಸಿಕ್ಕವು, ಮಕ್ಕಳು ಎಂಜಿನಿಯರಾದರು. ಆಮೇಲೆ ಗಾಳಿ ತಿರುಗಿತು. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆಯಿತು. ಮಲ್ಲೇಶ್ವರದಲ್ಲಿ ರಾಜಾ ಮಿಲ್ ಎಂಬ ಬಟ್ಟೆ ಗಿರಣಿಯ ಜಾಗದಲ್ಲಿ ಮಾಲ್ ಎದ್ದಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಒಪ್ಪಿತು.

ಹೀಗಾಗಲು ಕಾರಣಗಳು ಹಲವು. ಸಂಬಳ ಏರಿತೆಂದು ಯಾರೂ ವಾಚಿನ ಮೇಲೆ ವಾಚು ಕೊಳ್ಳುವುದಿಲ್ಲ. ಮಗಳನ್ನು ಟ್ಯೂಷನ್ನಿಗೆ ಸೇರಿಸುತ್ತಾರೆ, ಅಮ್ಮನನ್ನು ಒಳ್ಳೆಯ ಆಸ್ಪತ್ರೆಗೆ ತೋರಿಸುತ್ತಾರೆ. ಕಂಪ್ಯೂಟರಿನಿಂದ ನಡೆಯುವ ಒಂದು ಲೇತು ಹಲವು ಟರ್ನರ್‌ಗಳ ಕೆಲಸ ಮುಗಿಸುತ್ತದೆ. ಆದರೆ ಒಬ್ಬ ನರ್ಸ್ ನೂರು ರೋಗಿಗಳನ್ನು ಒಟ್ಟಿಗೆ ನೋಡಿಕೊಳ್ಳಲಾರಳು. ಹೊರದೇಶದ ಅಗ್ಗದ ಸರಕಿನ ಪೈಪೋಟಿಯೂ ಸೇರಿತು. ಇನ್ನೊಂದು ಕಾರಣ ಬರೀ ಲೆಕ್ಕದ್ದು. ಕಾರ್ಖಾನೆಯ ಸ್ವಂತ ವಾಚ್‌ಮನ್ ತಯಾರಿಕಾ ವಲಯದ ನೌಕರ. ಅದೇ ಗೇಟಿನಲ್ಲಿ ಏಜೆನ್ಸಿಯ ಮೂಲಕ ನಿಂತರೆ ಸೇವಾ ವಲಯದವನು.

ಬ್ರಿಟನ್ನಿನ ಜನ ಹೊಲದಿಂದ ಕಾರ್ಖಾನೆಗೆ, ತಲೆಮಾರುಗಳ ನಂತರ ಸೇವೆಗೆ ಹೋದರು. ನಮ್ಮಲ್ಲಿ ಕಾರ್ಖಾನೆಗಳು ತುಂಬುವ ಮೊದಲೇ ಸೇವಾ ವಲಯ ಬೆಳೆಯಿತು. ಇಂದು ದೇಶದ ಉತ್ಪನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಸೇವೆಯದು. ತಯಾರಿಕೆಯದು ಸುಮಾರು ಆರನೇ ಒಂದು ಪಾಲು. ದುಡಿಯುವವರಲ್ಲಿ ಶೇ. 40ಕ್ಕೂ ಹೆಚ್ಚು ಜನ ಇನ್ನೂ ಬೇಸಾಯದಲ್ಲೇ ಇದ್ದಾರೆ. ಬಡ ದೇಶಗಳು ಹೀಗೆ ಬೇಗನೆ ಕಾರ್ಖಾನೆಯಿಂದ ಸರಿಯುವುದನ್ನು ಅರ್ಥಶಾಸ್ತ್ರಜ್ಞ ಡ್ಯಾನಿ ರಾಡ್ರಿಕ್ ಎಚ್ಚರಿಕೆಯ ಸಂಗತಿಯೆಂದು ಗುರುತಿಸಿದ್ದಾರೆ.

ಸೇವಾ ವಲಯ ಬೆಳೆದದ್ದು ತಪ್ಪಲ್ಲ. ಸಾಫ್ಟ್‌ವೇರ್ ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಅಲ್ಲಿ ಮೇಲೆ ಎಂಜಿನಿಯರ್, ಕೆಳಗೆ ಡೆಲಿವರಿ ಹುಡುಗ. ನಡುವಿನ ಮೆಟ್ಟಿಲು ಕಿತ್ತುಹೋಗಿದೆ. 2025ರಲ್ಲಿ ಕರ್ನಾಟಕ ಆ ಡೆಲಿವರಿ ಹುಡುಗನಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದದ್ದು ಒಳ್ಳೆಯದೇ, ಅಷ್ಟೇ ಸಾಲದು. ಹೂಡಿಕೆದಾರರ ಸಮಾವೇಶ ನಡೆದಾಗ ಎಷ್ಟು ಕೋಟಿ ಬಂತೆಂದು ಮಾತ್ರ ಕೇಳಬೇಡಿ. ಎಸ್ಸೆಸ್ಸೆಲ್ಸಿ, ಡಿಪ್ಲೊಮಾ ಓದಿದ ನಮ್ಮ ಮಕ್ಕಳಿಗೆ ಎಷ್ಟು ಕಾಯಂ ಕೆಲಸ ಸಿಕ್ಕಿತೆಂದು ನಿಮ್ಮ ಶಾಸಕರನ್ನು ಕೇಳಿ.