ಮಗು ‘ಬರುವುದಿಲ್ಲ’ ಎಂದಾಗ ಕುಟುಂಬ ನ್ಯಾಯಾಲಯ ಏನು ನೋಡುತ್ತದೆ?



ಪವಿತ್ರ ಕುಟುಂಬದ ಹಬ್ಬದಂದು ಪೂಜೆ ಮುಗಿದ ಮೇಲೆ ಒಬ್ಬರು ದೇವಾಲಯದ ಬಾಗಿಲಲ್ಲಿ ಕಾದಿದ್ದರು. “ಫಾದರ್, ನನ್ನ ಹೆಂಡತಿ ಮಗಳ ತಲೆಗೆ ಇಲ್ಲಸಲ್ಲದ್ದನ್ನೆಲ್ಲ ತುಂಬಿದ್ದಾಳೆ. ಮಗಳು ನನ್ನ ಹತ್ತಿರ ಬರುವುದಿಲ್ಲ ಅಂತಾಳೆ. ಕೋರ್ಟಿಗೆ ಕೊಡಲು ಒಂದು ಪತ್ರ ಬರೆದುಕೊಡಿ” ಎಂದರು. ಅಂದಿನ ಶುಭಸಂದೇಶ ದೇವಾಲಯದಲ್ಲಿ ಉಳಿದುಬಿಟ್ಟ ಹನ್ನೆರಡು ವರ್ಷದ ಯೇಸುವಿನದು. ಮಗ ಸಿಕ್ಕಾಗ ಮಾತೆ ಮರಿಯಮ್ಮನವರು ತಮ್ಮ ಸಂಕಟ ಹೇಳುವ ಮೊದಲು ಮಗನ ತಂದೆಯ ಸಂಕಟವನ್ನು ಹೇಳುತ್ತಾರೆ. ಬೇರೆಯಾದ ದಂಪತಿಗಳ ಮನೆಯಲ್ಲಿ ಮೊದಲು ಕಾಣೆಯಾಗುವುದು ಈ ಮಾತೇ.

ಅವರ ವಕೀಲರು ಇದಕ್ಕೆ ‘ಪೇರೆಂಟಲ್ ಏಲಿಯನೇಷನ್’ ಎಂದಿದ್ದರಂತೆ. ತಂದೆ ಅಥವಾ ತಾಯಿ ಮಗುವಿನ ಮನಸ್ಸನ್ನು ಮತ್ತೊಬ್ಬರ ವಿರುದ್ಧ ತಿರುಗಿಸುವುದು ಎಂದು ಅರ್ಥ. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಇದನ್ನು ಒಂದು ರೋಗಲಕ್ಷಣವೆಂಬಂತೆ ವಿವರಿಸಿದರು. ಆದರೆ ಅಲ್ಲಿನ ಮನೋವೈದ್ಯರ ಸಂಘದ ರೋಗಪಟ್ಟಿಯಲ್ಲಿ ಅದಕ್ಕೆ ಸ್ಥಾನ ಸಿಕ್ಕಿಲ್ಲ. ನಮ್ಮ ಯಾವ ಕಾಯಿದೆಯಲ್ಲೂ ಆ ಹೆಸರಿಲ್ಲ.

ಹಾಗಾದರೆ ನ್ಯಾಯಾಧೀಶರು ಏನನ್ನು ನೋಡುತ್ತಾರೆ? 1890ರ ಪಾಲಕರು ಮತ್ತು ಪಾಲಿತರ ಕಾಯಿದೆಯ 17ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಮುಖ್ಯ. ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಪರಿಗಣಿಸಬಹುದು. ಮಗುವನ್ನು ತಮ್ಮ ಕೊಠಡಿಗೆ ಕರೆಸಿ, ತಂದೆತಾಯಿ ಇಲ್ಲದಾಗ ಮಾತನಾಡಿಸುವ ನ್ಯಾಯಾಧೀಶರಿದ್ದಾರೆ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯು ಮನಶ್ಶಾಸ್ತ್ರ ಬಲ್ಲವರ ನೆರವು ಪಡೆಯಲೂ ಅವಕಾಶ ಕೊಟ್ಟಿದೆ.

ಕಷ್ಟವಿರುವುದು ಆ ಇಷ್ಟವನ್ನು ತೂಗಿ ನೋಡುವುದರಲ್ಲಿ. 2017ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಎಳೆಯ ಪ್ರಾಯದಿಂದ ತಂದೆಯ ಬಳಿಯೇ ಬೆಳೆದ ಹುಡುಗಿಯೊಬ್ಬಳ ಪ್ರಕರಣ ಬಂದಿತ್ತು. ಅವಳ ಒಲವು ತಂದೆಯ ಕಡೆಗೇ. ತಾಯಿಯ ಒಡನಾಟವನ್ನೇ ಕಾಣದ ಮಗು ಇಬ್ಬರನ್ನು ಹೋಲಿಸಿ ಆರಿಸುವುದು ಹೇಗೆ ಎಂದು ಕೇಳಿದ ನ್ಯಾಯಾಲಯ, ಅವಳನ್ನು ತಾಯಿಯ ವಶಕ್ಕೆ ಕೊಟ್ಟಿತು. 2024ರ ಇನ್ನೊಂದು ಪ್ರಕರಣದಲ್ಲಿ ತಂದೆಯೇ ಮಕ್ಕಳ ಮನಸ್ಸು ಕೆಡಿಸಿದ್ದಾರೆಂದು ತಾಯಿಯ ಆರೋಪ. ಅಲ್ಲಿ ಅದೇ ನ್ಯಾಯಾಲಯ, ಇಂಥಿಂಥ ನಡತೆ ಎಂದು ಬಿಡಿಬಿಡಿಯಾಗಿ ಗುರುತಿಸದೆ ಯಾರಿಗೂ ಆ ಹಣೆಪಟ್ಟಿ ಹಚ್ಚಬಾರದೆಂದು ಎಚ್ಚರಿಸಿ, ಮಕ್ಕಳನ್ನು ತಂದೆಯ ಬಳಿಯೇ ಇರಿಸಿತು.

ಬಿಡಿಬಿಡಿ ಸಂಗತಿ ಎಂದರೆ ಏನು? ಭೇಟಿಯ ದಿನಗಳಂದೇ ಮಗುವಿಗೆ ಮತ್ತೆ ಮತ್ತೆ ‘ಜ್ವರ’ ಬರುವುದು, ಫೋನು ಕೊಡದಿರುವುದು, ಹುಟ್ಟುಹಬ್ಬದ ಉಡುಗೊರೆ ಒಡೆಯದೆ ಹಿಂತಿರುಗುವುದು, ಎಂಟು ವರ್ಷದ ಮಗು ವಕೀಲರ ಭಾಷೆಯಲ್ಲಿ ಮಾತನಾಡುವುದು. ಮತ್ತೊಂದು ಮಗ್ಗುಲೂ ಇದೆ. ಕುಡಿದು ಬಂದು ತಾಯಿಗೆ ಹೊಡೆದದ್ದನ್ನು ಕಂಡ ಮಗು ಹೆದರಿ ದೂರ ನಿಂತರೆ ಅದನ್ನು ಯಾರೂ ಹೇಳಿಕೊಟ್ಟಿರಬೇಕಾಗಿಲ್ಲ. ಹಿಂಸೆಯ ದೂರನ್ನು ಮುಚ್ಚಿಹಾಕಲು ಈ ಆರೋಪ ಬಳಕೆಯಾಗುತ್ತಿದೆಯೆಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್ಸಲೇಂ 2023ರಲ್ಲಿ ಎಚ್ಚರಿಸಿದ್ದರು. ಆದ್ದರಿಂದ ಎಷ್ಟೋ ಸಲ ನ್ಯಾಯಾಲಯ ಮೊದಲು ತನ್ನ ಆವರಣದಲ್ಲೋ ಆಪ್ತಸಮಾಲೋಚಕರ ಎದುರೋ ಒಂದೆರಡು ಗಂಟೆಯ ಭೇಟಿಯನ್ನು ಮಾತ್ರ ಏರ್ಪಡಿಸಿ, ಮಗು ಹೇಗೆ ನಡೆದುಕೊಳ್ಳುತ್ತದೆಂದು ನೋಡುತ್ತದೆ.

ನಮ್ಮಲ್ಲಿ ಕೆಲವರು ಧರ್ಮಸಭೆಯ ನ್ಯಾಯಮಂಡಳಿ ವಿವಾಹವನ್ನು ಅಸಿಂಧುವೆಂದರೆ ಮಗುವಿನ ವಿಷಯವೂ ಅಲ್ಲಿಗೇ ಮುಗಿಯಿತೆಂದು ತಿಳಿದಿದ್ದಾರೆ. ಇಲ್ಲ, ಆ ತೀರ್ಪು ನಾಗರಿಕ ವಿಚ್ಛೇದನಕ್ಕೆ ಸಮವಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಮಗು ಯಾರ ಬಳಿ ಇರಬೇಕೆಂಬುದನ್ನು ನಾಗರಿಕ ನ್ಯಾಯಾಲಯವೇ ತೀರ್ಮಾನಿಸಬೇಕು.

ಪತ್ರವನ್ನೇನೋ ಬರೆದುಕೊಟ್ಟೆ. ಪ್ರಥಮ ಪರಮಪ್ರಸಾದದ ದಿನ ತಂದೆ ಬಂದಿದ್ದರು, ಮಗಳು ಅವರ ಪಕ್ಕದಲ್ಲೇ ಕುಳಿತಿದ್ದಳು. ಆಮೇಲೆ ಎರಡು ವರ್ಷ ಅವರಿಬ್ಬರನ್ನು ನಾನು ಒಟ್ಟಿಗೆ ಕಂಡಿಲ್ಲ. ಕಾರಣ ನನಗೆ ತಿಳಿಯದು. ಕೊನೆಯ ಸಾಲನ್ನು ತೆಗೆಯಬಹುದೇ ಎಂದು ಅವರು ಕೇಳಿದರು. ಆಗುವುದಿಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು.