ದೊಡ್ಡಪ್ಪನ ಕಂಪ್ಯೂಟರಿಗೆ ಪ್ರಾಯ ಆಗಿರಲಿಲ್ಲ

ಪಾಣೆಮಂಗಳೂರಿನ ನಮ್ಮ ಮನೆಯ ಅಟ್ಟದಲ್ಲಿ ಯಾರೂ ಮುಟ್ಟಬಾರದ ವಸ್ತುಗಳು ಎರಡು. ಒಂದು ಅಮ್ಮನ ಉಪ್ಪಿನಕಾಯಿ ಭರಣಿ, ಇನ್ನೊಂದು ದೊಡ್ಡಪ್ಪನ ಕಂಪ್ಯೂಟರ್. "ಈ ಮಳೆಗಾಲಕ್ಕೆ ಮೊದಲು ಆ ಗುಜರಿ ಕೊಟ್ಟುಬಿಡಿ ಭಾವ" ಎಂದು ಅಮ್ಮ ವರ್ಷವೂ ಹೇಳುತ್ತಾರೆ. ದೊಡ್ಡಪ್ಪ ವರ್ಷವೂ ಕೇಳಿಸದವರ ಹಾಗೆ ಎದ್ದು ತೋಟಕ್ಕೆ ಹೋಗುತ್ತಾರೆ.

1991ರಲ್ಲಿ ಅವರು ಬಿ.ಸಿ.ರೋಡಿನಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ ಇಟ್ಟಾಗ ತಂದ ಸೆಕೆಂಡ್ ಹ್ಯಾಂಡ್ ಪಿಸಿ ಎಕ್ಸ್‌ಟಿ ಅದು. 4.77 ಮೆಗಾಹರ್ಟ್ಸ್ ವೇಗ, 20 ಎಂಬಿಯ ಸೀಗೇಟ್ ಎಸ್‌ಟಿ-225 ಹಾರ್ಡ್ ಡಿಸ್ಕ್. ಈಗಿನ ಮೊಬೈಲಿನ ನಾಲ್ಕೈದು ಫೋಟೊ ಹಾಕಿದರೆ ತುಂಬಿ ಹೋದೀತು! ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿದ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನ 'ಸೇಡಿಯಾಪು' ತಂತ್ರಾಂಶವನ್ನು ದೊಡ್ಡಪ್ಪ ಆಗ ಹಾಕಿಸಿಕೊಂಡಿದ್ದರು. ಹಗಲು ಮದುವೆ ಕಾಗದ, ರಾತ್ರಿ ಅಜ್ಜನ ಅರ್ಥ.

ಅಜ್ಜ ತಾಳಮದ್ದಳೆಯ ಅರ್ಥಧಾರಿ. ಅವರು ಬರೆದಿಟ್ಟ ಪುಸ್ತಕಗಳನ್ನೆಲ್ಲ 1974ರ ನೆರೆಯಲ್ಲಿ ನೇತ್ರಾವತಿ ಕೊಂಡುಹೋಯಿತಂತೆ. ಹಾಗಾಗಿ ಅಜ್ಜ ನೆನಪಿನಿಂದ ಹೇಳುವುದು, ದೊಡ್ಡಪ್ಪ ಟೈಪ್ ಮಾಡುವುದು ಎಂದು ಶುರುವಾಯಿತು. 'ಕೃಷ್ಣ ಸಂಧಾನ'ದ ಅರ್ಧಕ್ಕೆ ಬಂದಾಗ ಡಿಸ್ಕ್ ಕೈಕೊಟ್ಟಿತು. ರಿಪೇರಿಗೆ ಬಂದವರು ಫೈಲುಗಳನ್ನು ಫ್ಲಾಪಿಗೆ ತೆಗೆದು, ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ, "ಸ್ಪೀಡ್ ಜಾಸ್ತಿ ಮಾಡಿದ್ದೇನೆ" ಎಂದು ಹೇಳಿ ಹೋದರು. ಅಂದಿನಿಂದ ಒಂದು ಪುಟ ಉಳಿಸಲು ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು. "ಅದಕ್ಕೆ ಪ್ರಾಯ ಆಯಿತು" ಎಂದು ದೊಡ್ಡಪ್ಪ ಕೆಲಸ ಮುಂದೂಡುತ್ತಾ ಹೋದರು. ಅಷ್ಟರಲ್ಲಿ ಅಜ್ಜ ಹೋದರು.

ನಾನು ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಸೈನ್ಸ್ ಓದುವವಳು. ಕಳೆದ ರಜೆಯಲ್ಲಿ ಧೈರ್ಯ ಮಾಡಿ ಅಟ್ಟ ಹತ್ತಿದೆ. ಮೊದಲು ಪವರ್ ಸಪ್ಲೈಯನ್ನು ಎಲೆಕ್ಟ್ರಾನಿಕ್ಸ್ ತಿಳಿದ ಸೀನಿಯರ್ ಕೈಯಲ್ಲಿ ಪರೀಕ್ಷೆ ಮಾಡಿಸಿದ್ದು ಒಳ್ಳೆಯದಾಯಿತು. ಇಷ್ಟು ಹಳೆಯದನ್ನು ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಹೊಗೆ ಬರುವುದುಂಟು. ಸ್ವಿಚ್ ಹಾಕಿದಾಗ ಡಿಸ್ಕ್ ಒಮ್ಮೆ ಗುಂಯ್ ಎಂದಿತು, ಆಮೇಲೆ ಕಟಕಟ ಕಟಕಟ. ಕೆಳಗಿನಿಂದ ದೊಡ್ಡಪ್ಪನ ಸ್ವರ: "ಅದು ಇನ್ನೂ ಬದುಕಿ ಉಂಟಾ ಮಾರಾಯ್ತಿ?"

ಬದುಕಿತ್ತು. ಆದರೆ ವಿಪರೀತ ನಿಧಾನ. ಯಾಕೆಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಕಂಟ್ರೋಲರ್ ಕಾರ್ಡ್. ಆ ಕಾಲದಲ್ಲಿ ಡಿಸ್ಕಿಗೆ ಸ್ವಂತ ಬುದ್ಧಿ ಇರಲಿಲ್ಲ. ಎರಡು ಪಟ್ಟಿ ಕೇಬಲ್‌ಗಳ ಆಚೆ ತುದಿಯಲ್ಲಿ ಒಂದು ಕಾರ್ಡ್ ಕೂತು, ಡಿಸ್ಕಿನಿಂದ ಬಂದದ್ದನ್ನು ಕಂಪ್ಯೂಟರಿಗೆ ದಾಟಿಸುತ್ತಿತ್ತು.

ನಮ್ಮೂರ ಪಂಕ್ತಿ ಊಟ ನೆನಪಿಸಿಕೊಳ್ಳಿ. ಸಾರಿನವರ ಬೆನ್ನಿಗೇ ಸಾಂಬಾರಿನವರು ಬಂದರೆ ನಿಧಾನಕ್ಕೆ ಉಣ್ಣುವವರ ಗತಿ ಏನು? ಸಾರು ಮುಗಿಯುವಷ್ಟರಲ್ಲಿ ಸಾಂಬಾರು ಮುಂದೆ ಹೋಗಿರುತ್ತದೆ. ಇನ್ನು ಅವರು ಪೂರ್ತಿ ಒಂದು ಸುತ್ತು ಹಾಕಿ ಬರುವವರೆಗೆ ಬರೀ ಅನ್ನ ನೋಡುತ್ತಾ ಕೂರಬೇಕು. ಡಿಸ್ಕಿನದ್ದೂ ಇದೇ ಕಥೆ. ಒಂದು ಟ್ರ್ಯಾಕಿನಲ್ಲಿ 17 ಸೆಕ್ಟರ್, ನಿಮಿಷಕ್ಕೆ 3600 ಸುತ್ತು. ಒಂದು ಸೆಕ್ಟರ್ ಓದಿ ಕಾರ್ಡ್ ಅದನ್ನು ಒಪ್ಪಿಸುವಷ್ಟರಲ್ಲಿ ಮುಂದಿನದ್ದು ದಾಟಿ ಹೋದರೆ ಇಡೀ ಸುತ್ತು ದಂಡ. ಅದಕ್ಕೇ ಸೆಕ್ಟರುಗಳನ್ನು ಅಕ್ಕಪಕ್ಕ ಇಡದೆ, ನಡುವೆ ಅಂತರ ಬಿಟ್ಟು ನಂಬರ್ ಕೊಡುತ್ತಿದ್ದರು. ಇದಕ್ಕೆ ಇಂಟರ್‌ಲೀವ್ ಎಂದು ಹೆಸರು. 1983ರ ಐಬಿಎಂ ಎಕ್ಸ್‌ಟಿಯಲ್ಲಿ ಅದು 6 ಇತ್ತು, ಮರುವರ್ಷದ ಎಟಿಯಲ್ಲಿ 3. ಅಂಕಿ ಕಡಿಮೆಯಾದಷ್ಟೂ ವೇಗ ಹೆಚ್ಚು, ಆದರೆ ಕಾರ್ಡ್ ಮತ್ತು ಕಂಪ್ಯೂಟರಿಗೆ ತಾಳಿಕೊಳ್ಳುವ ಶಕ್ತಿ ಇದ್ದರೆ ಮಾತ್ರ.

ಡಿಬಗ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದು 100 ಟ್ರ್ಯಾಕ್ ಓದಿಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದೆ. 31 ಸೆಕೆಂಡ್. ಅಂದರೆ ಒಂದು ಟ್ರ್ಯಾಕಿಗೆ ಸುಮಾರು 18 ಸುತ್ತು! ರಿಪೇರಿಯವರು 1 ಇಟ್ಟಿದ್ದರು. ಪ್ರತಿ ಸೆಕ್ಟರಿಗೂ ಒಂದೊಂದು ಸುತ್ತು ದಂಡ ಬೀಳುತ್ತಿತ್ತು.

ಇದನ್ನು ಬದಲಿಸಬೇಕಾದರೆ ಲೋ-ಲೆವೆಲ್ ಫಾರ್ಮ್ಯಾಟ್ ಮಾಡಬೇಕು, ಎಲ್ಲ ಅಳಿಸಿ ಹೋಗುತ್ತದೆ. ಹೇಳಿದ್ದೇ ತಡ, ದೊಡ್ಡಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬೇಡ. ನಿಧಾನ ಆದರೂ ಇರಲಿ, ಅಪ್ಪಯ್ಯನದ್ದು ಉಂಟು ಅದರಲ್ಲಿ." ಹಳೆ ಫ್ಲಾಪಿಗಳಿಗೆಲ್ಲ ಬೂಷ್ಟು ಹಿಡಿದಿತ್ತು, ಓದಿದ್ದು ಡಾಸ್‌ನದ್ದು ಒಂದೇ. ಕೊನೆಗೆ ಸೀರಿಯಲ್ ಕೇಬಲ್ ತಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಸೆಕೆಂಡಿಗೆ 1 ಕೆಬಿಯೂ ಹೋಗುವುದಿಲ್ಲ. ಮಧ್ಯದಲ್ಲಿ ಗುಡುಗು, ಕರೆಂಟು ಹೋಯಿತು, ಮತ್ತೆ ಮೊದಲಿನಿಂದ. ಎರಡು ದಿನ ಬೇಕಾಯಿತು. ಒಂದೊಂದು ಫೈಲಿನ ಗಾತ್ರವನ್ನೂ ದೊಡ್ಡಪ್ಪನೇ ಕನ್ನಡಕ ಹಾಕಿಕೊಂಡು ತಾಳೆ ನೋಡಿದರು. ಅಕ್ಷರದ ಸಂಕೇತ ಈಗಿನ ಯೂನಿಕೋಡ್ ಅಲ್ಲದ್ದರಿಂದ ಲ್ಯಾಪ್‌ಟಾಪಿನಲ್ಲಿ ಕಾಣುವುದು ಬರೀ ಗೋಜಲು. ಓದಬೇಕಾದರೆ ಆ ಅಟ್ಟದ ಯಂತ್ರವೇ ಬೇಕು.

ಇಲ್ಲೊಂದು ಎಚ್ಚರಿಕೆ. ಈ ಡಿಸ್ಕುಗಳ ಹೆಡ್ ಸ್ಟೆಪ್ಪರ್ ಮೋಟರಿನಿಂದ ಸರಿಯುವುದು, ಟ್ರ್ಯಾಕ್ ನಿಜಕ್ಕೂ ಎಲ್ಲಿದೆ ಎಂದು ಅದು ನೋಡುವುದಿಲ್ಲ. ಬಿಸಿಗೆ ಲೋಹ ಹಿಗ್ಗಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೆ ಅರ್ಧ ಗಂಟೆ ಓಡಿಸಿ, ಬಿಸಿಯಾದ ಮೇಲೆಯೇ ಫಾರ್ಮ್ಯಾಟ್ ಮಾಡಬೇಕು.

ಡಿಬಗ್‌ನಲ್ಲಿ 'ಜಿ=ಸಿ800:5' ಎಂದು ಕೊಟ್ಟರೆ ಕಾರ್ಡಿನ ಒಳಗಿರುವ ಫಾರ್ಮ್ಯಾಟ್ ಪ್ರೋಗ್ರಾಂ ಏಳುತ್ತದೆ. ಇಂಟರ್‌ಲೀವ್ 3 ಕೊಟ್ಟು ನೋಡಿದೆ: 34 ಸೆಕೆಂಡ್. ಮೊದಲಿಗಿಂತಲೂ ಕಡೆ! ದೊಡ್ಡಪ್ಪ ನನ್ನ ಮುಖ ನೋಡಿದರು. 5 ಕೊಟ್ಟೆ: 10. ಮತ್ತೆ 4 ಕೊಟ್ಟೆ: 8 ಚಿಲ್ಲರೆ. ಒಂದೇ ಒಂದು ಸೆಕ್ಟರಿನ ಅಂತರಕ್ಕೆ ನಾಲ್ಕು ಪಟ್ಟು ವ್ಯತ್ಯಾಸ. ಒಂದು ರೂಪಾಯಿಯ ಹೊಸ ಬಿಡಿಭಾಗ ಹಾಕಿರಲಿಲ್ಲ.

ಆಮೇಲೆ ಬಂದ ಐಡಿಇ ಡಿಸ್ಕುಗಳಲ್ಲಿ ಕಂಟ್ರೋಲರ್ ಡಿಸ್ಕಿನ ಮೇಲೆಯೇ ಕೂತಿತು. ಇಂಥ ಲೆಕ್ಕಾಚಾರ ನಮ್ಮ ಕೈ ಬಿಟ್ಟುಹೋಯಿತು, ಹಾಗಾಗಿ ನಮ್ಮ ಪಠ್ಯದಲ್ಲಿ ಇದಕ್ಕೆ ಎರಡೇ ಸಾಲು.

ಫೈಲುಗಳನ್ನು ಮರಳಿ ತುಂಬಿಸಿ ದೊಡ್ಡಪ್ಪನನ್ನು ಕೂರಿಸಿದೆ. ಉಳಿಸಲು ಒತ್ತಿದರು. ಚಹಾ ಲೋಟ ಕೈಗೆತ್ತಿಕೊಂಡದ್ದೇ, ಉಳಿಸಿ ಆಗಿತ್ತು. "ಹಾಗಾದರೆ ಅದಕ್ಕೆ ಪ್ರಾಯ ಆಗಿರಲಿಲ್ಲವಾ?" ಎಂದರು. ಇಲ್ಲ ದೊಡ್ಡಪ್ಪ ಎಂದೆ. ಬಹಳ ಹೊತ್ತು ಮಾತಾಡಲಿಲ್ಲ.

'ಕೃಷ್ಣ ಸಂಧಾನ' ತೆರೆದರು. ಕೌರವನ ಸಭೆಯಲ್ಲಿ ಕೃಷ್ಣನ ಮಾತು ಅರ್ಧ ವಾಕ್ಯಕ್ಕೆ ನಿಂತಿತ್ತು. "ಇದರ ಮುಂದಿನದ್ದು ನನಗೆ ಸ್ವಲ್ಪ ಸ್ವಲ್ಪ ನೆನಪುಂಟು" ಎಂದು ಕೀಬೋರ್ಡ್ ಹತ್ತಿರ ಎಳೆದುಕೊಂಡರು.

ಈಗ ಪ್ರತಿ ಭಾನುವಾರ ಅಟ್ಟದಿಂದ ಕಟಕಟ ಕೇಳುತ್ತದೆ. ಅಮ್ಮ ಗುಜರಿಯ ಮಾತು ಬಿಟ್ಟಿದ್ದಾರೆ. ಭರಣಿ ಮಾತ್ರ ಕೆಳಗೆ ಬಂದಿದೆ, ದೊಡ್ಡಪ್ಪನ ಕುರ್ಚಿಗೆ ಜಾಗ ಬೇಕಿತ್ತು.