ಅಟ್ಟದ ಮೇಲಿನ ಹೊಗೆ

ರಾತ್ರಿ ಬಾಗಿಲು ಹಾಕಿದ ಮೇಲೆ ಹೋಟೆಲಿನ ಅಟ್ಟದಲ್ಲಿ ಹುಡುಗರು ಬೀಡಿ ಸೇದುವುದು ಹೊಸ ಸಂಗತಿಯಲ್ಲ. ಆ ಬೀಡಿಯೊಳಗೆ ಗಾಂಜಾ ಸೇರಿರುವುದನ್ನು ಒಪ್ಪಿಕೊಳ್ಳಲು ಮಾತ್ರ ಧಣಿಗಳು ಸಂಕೋಚಪಡುತ್ತಾರೆ. ಮುಂಬಯಿಯಲ್ಲಿ ಗಲ್ಲಾದ ಮೇಲೆ ಕುಳಿತಿದ್ದಾಗ ನಾವೂ ಸಂಕೋಚಪಟ್ಟವರೇ.

ಕುಂದಾಪುರದ ಕಡೆಯ ಹದಿನೇಳರ ಮಾಣಿಯೊಬ್ಬನು ನಮ್ಮಲ್ಲಿದ್ದನು. ಬಲು ಚುರುಕು, ಐದು ಮೇಜುಗಳ ಲೆಕ್ಕವನ್ನು ಬಾಯಲ್ಲೇ ಒಪ್ಪಿಸುತ್ತಿದ್ದನು. ರಾತ್ರಿಶಾಲೆಗೂ ಹೋಗುತ್ತಿದ್ದನು. ಗಾಂಜಾದ ಸಹವಾಸವಾದ ಮೇಲೆ ಶಾಲೆ ತಪ್ಪಿಸಿದನು, ಸ್ನಾನ ಬಿಟ್ಟನು. ಗಿರಾಕಿಗಳು ತನ್ನನ್ನು ಕುರಿತೇ ಪಿಸುಗುಟ್ಟುತ್ತಿರುವರೆಂದು ಒಂದು ದಿನ ತಟ್ಟೆಯನ್ನೆಸೆದನು. ಅಡಿಗೆಯ ಭಟ್ಟರು ಭೂತಬಾಧೆಯೆಂದರು, ನಾವು ಸೊಕ್ಕೆಂದೆವು. ಸಂಬಳ ಚುಕ್ತಾ ಮಾಡಿ ಊರಿನ ರೈಲು ಹತ್ತಿಸಿದೆವು. ಅವನನ್ನು ವೈದ್ಯರಿಗೆ ತೋರಿಸಿದ್ದು ಎರಡು ವರ್ಷಗಳ ತರುವಾಯ. ಈಗ ಗುಳಿಗೆಯ ಬಲದಿಂದ ಮನೆಯಲ್ಲಿ ಶಾಂತನಾಗಿದ್ದಾನೆ. ಹಳೆಯ ಚುರುಕು ಮರಳಲಿಲ್ಲ.

ಶಿವರಾತ್ರಿಯ ಭಂಗಿ ಕುಡಿದವರೆಲ್ಲ ಹುಚ್ಚರಾದರೇ ಎಂದು ಕೇಳುವವರುಂಟು. ಇಲ್ಲ, ಗಾಂಜಾ ಸೇದಿದವರೆಲ್ಲರೂ ಆಗುವುದಿಲ್ಲ. ಆದರೆ ವಯಸ್ಸಿನ ಮಾತು ಬೇರೆ. ಮಿದುಳು ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಬಂದ ನಲವತ್ತೈದು ಸಾವಿರಕ್ಕೂ ಹೆಚ್ಚು ತರುಣರನ್ನು ಹದಿನೈದು ವರ್ಷ ಗಮನಿಸಿ 1987ರಲ್ಲಿ ಪ್ರಕಟಿಸಿದ ವರದಿಯಂತೆ, ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಜಾತಿಯ ಮಾದಕವನ್ನು ಸೇವಿಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಚಿತ್ತವಿಕಾರವು ಸೇವಿಸದವರಿಗಿಂತ ಆರು ಪಟ್ಟು ಕಂಡುಬಂದಿತು. ಇತರ ಕಾರಣಗಳನ್ನು ಕಳೆದರೆ ಆ ಅಂತರ ತಗ್ಗಿತು, ಅಳಿಯಲಿಲ್ಲ. ನ್ಯೂಜಿಲೆಂಡಿನ 2002ರ ಅಧ್ಯಯನವೂ ಹದಿನೈದರೊಳಗೆ ಆರಂಭಿಸಿದವರಿಗೇ ಅಪಾಯ ಹೆಚ್ಚೆಂದು ತೋರಿಸಿತು. ಮನೆತನದಲ್ಲಿ ಮನೋರೋಗವಿದ್ದವರಿಗೆ ಗಂಡಾಂತರ ಇನ್ನೂ ಹತ್ತಿರ.

ನಿದ್ದೆಗೆಡುವುದು, ಒಂಟಿಯಾಗಿ ಕೂರುವುದು, ಕಾರಣವಿಲ್ಲದ ಸಂಶಯ, ಇಲ್ಲದ ದನಿ ಕೇಳುವುದು: ಇವನ್ನು ಕಂಡಾಗ ವೈದ್ಯರ ಬಳಿಗೆ ಒಯ್ಯಬೇಕೇ ಹೊರತು ರೈಲಿಗಲ್ಲ. ಪೊಲೀಸರ ಭಯದಿಂದಲೇ ಅನೇಕರು ಬಾಯಿ ಮುಚ್ಚಿಕೊಳ್ಳುತ್ತಾರೆ. 1985ರ ಮಾದಕದ್ರವ್ಯ ಕಾನೂನಿನಲ್ಲಿ 64ಎ ಎಂಬ ಕಲಮುಂಟು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಗೆ ಗುರಿಯಾದ ವ್ಯಸನಿಯು ತಾನಾಗಿ ಸರಕಾರಿ ಇಲ್ಲವೆ ಮಾನ್ಯತೆ ಪಡೆದ ಆಸ್ಪತ್ರೆಯ ಚಿಕಿತ್ಸೆಗೆ ಒಪ್ಪಿ ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯಲಾರದು. ಮಾರುವವನಿಗೆ ಈ ರಕ್ಷಣೆಯಿಲ್ಲ, ಇರಲೂಬಾರದು.

2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲುರಾತ್ರಿ ಖರ್ಚಿಲ್ಲದೆ ಕರೆಮಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ. ಹೋಟೆಲು ಬಂಧುಗಳು ಈ ಸಂಖ್ಯೆಯನ್ನು ಅಟ್ಟದ ಏಣಿಯ ಬಳಿ ದೊಡ್ಡ ಅಕ್ಷರದಲ್ಲಿ ಬರೆಸಿಡಬೇಕೆಂದು ಕೋರುತ್ತೇವೆ.